ಹಲ್ಲಿನ ಗುರುತು

ನಲವತ್ತು ವರ್ಷ ಕಟ್ಟಿದ್ದು ಕಂಡವರ ಹಲ್ಲು.
ಯಾರ್ಕ್ ಊರಿನ ಅರ್ಧ ಮುದುಕರು
ನಾನು ಕೊಟ್ಟ ನಗೆಯನ್ನೇ ರಾತ್ರಿ
ಲೋಟದ ನೀರಿಗಿಳಿಸಿ ಮಲಗುತ್ತಾರೆ.
ಕೂಡಿಟ್ಟಿದ್ದು ಮಾತ್ರ
ಹಲ್ಲು ತಿನ್ನುವ ಮಿಠಾಯಿಯ ಪೊಟ್ಟಣದಲ್ಲಿ ಬರುತ್ತಿದ್ದ
ಬೇಸ್‌ಬಾಲ್ ಕಾರ್ಡುಗಳನ್ನು.
'ಹುಳುಕಿನ ಋಣ ತೀರಿಸ್ತಿದ್ದೀಯ' ಅನ್ನುತ್ತಾಳೆ ಅರ್ಡೆಲ್ಲಾ.

ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು, ಅಷ್ಟೆ.
ಸಾವಿರದ ಒಂಬೈನೂರ ಹತ್ತರ ಸುಮಾರು
ಒಂದು ಸೆಂಟಿಗೆ ಒಂದು ಕ್ಯಾರಮೆಲ್, ಜೊತೆಗೊಬ್ಬ ಆಟಗಾರ.
ಆಕಾಶಕ್ಕೆ ಕಿತ್ತಳೆ ಬಳಿದಿದ್ದಾರೆ,
ಪೆನ್ಸಿಲ್ವೇನಿಯಾದ ಯಾವ ಸಂಜೆಯೂ ಕಾಣದ ಕಿತ್ತಳೆ.
ಕೆನ್ನೆಗೆ ಗುಲಾಬಿ; ದಾಂಡು ಹಿಡಿದ ಗಂಡಸು
ಮದುವಣಗಿತ್ತಿಯ ಹಾಗೆ ಕಾಣುತ್ತಾನೆ.
ಬೆನ್ನಿಗೆ ಮೂವತ್ತು ಹೆಸರು, ಕೊನೆಗೆ
ಹೋಕ್ ಅಂಡ್ ಸನ್ಸ್, ಮಿಠಾಯಿ ತಯಾರಕರು.

ನನ್ನ ಬಳಿ ಇಪ್ಪತ್ತೊಂಬತ್ತು.
ಮೂವತ್ತನೆಯವ, ಎಡಗೈ ಪಿಚರ್ ಒಬ್ಬ,
ಅಚ್ಚೇ ಆಗಲಿಲ್ಲ ಅನ್ನುವವರಿದ್ದಾರೆ:
ಇಲ್ಲದವನ ಹೆಸರು ಹಾಕಿ
ಮಕ್ಕಳಿಗೆ ಇನ್ನೊಂದು, ಇನ್ನೊಂದು ತಿನ್ನಿಸಿದರಂತೆ.
ಇದ್ದಾನೆ, ಒಹಾಯೋದ ಹೆಂಗಸೊಬ್ಬಳ ಬೈಬಲ್ಲಿನಲ್ಲಿ
ಪುಟದ ಗುರುತಾಗಿ ಇದ್ದಾನೆ ಅನ್ನುವವರೂ.
ಎರಡನ್ನೂ ನಂಬಿ ಹತ್ತೊಂಬತ್ತು ವರ್ಷ ಕಳೆದಿದ್ದೇನೆ.

ಫೆಬ್ರವರಿಯ ಭಾನುವಾರ, ಫೈರ್ ಹಾಲಿನ ಸಂತೆ.
ಆರಿದ ಕಾಫಿ, ಬೂಟಿನಡಿ ಹಿಮ ಕರಗಿ ಕೆಸರು.
ಕ್ಲೀಟಸ್‌ನ ಮೇಜಿನ ಮೇಲೆ ತಗಡಿನ ಡಬ್ಬಿಯಲ್ಲಿ
ಅಂಗಿಯ ಗುಂಡಿಗಳ ನಡುವೆ
ಡಟ್ಸ್ ಕ್ರೆಬಿಲ್, ಶಾರ್ಟ್‌ಸ್ಟಾಪ್.
ನಾಲ್ಕು ಜನ ಕ್ರೆಬಿಲ್ ಆಗಲೇ ಇದ್ದಾರೆ ನನ್ನಲ್ಲಿ,
ಬಿಟ್ಟಿ ಕೊಟ್ಟರೂ ಉಳಿಯುವವ.
'ಮೂಲೆ ಇಲಿ ಕಡಿದಿದೆ, ಅರ್ಧ ಡಾಲರ್ ಕೊಡು' ಅಂದ.
ಇಲಿಯಲ್ಲ.
ಇಷ್ಟು ವರ್ಷ ಬಾಯಿಗಳೊಡನೆ ದುಡಿದವನಿಗೆ
ಅದು ಕಣ್ಣಿಗಿಂತ ಮೊದಲು ಬೆರಳಿಗೇ ಗೊತ್ತಾಯಿತು.

ಮನೆಗೆ ತಂದು, ದೀಪದಡಿ ಇಟ್ಟು, ಭೂತಗನ್ನಡಿ ಹಿಡಿದೆ.
ಮೇಲ್ದವಡೆ. ಮುಂದಿನ ಒಂದು ಹಲ್ಲು, ಅಂಚಿನಲ್ಲಿ
ಮೂರು ಪುಟ್ಟ ಗುಬ್ಬಿ:
ಆಗಷ್ಟೇ ವಸಡು ಸೀಳಿ ಬಂದ ಹಲ್ಲಿಗಿರುವ ಗರಗಸ,
ರೊಟ್ಟಿ ಕಡಿದು ಕಡಿದು ಕೆಲ ವರ್ಷಕ್ಕೆ ಸವೆದುಹೋಗುತ್ತದೆ.
ಪಕ್ಕದಲ್ಲಿ ಏನೂ ಇಲ್ಲ. ಕಾಗದ ಅಲ್ಲಿ ನುಣುಪು.
ಏಳು ವರ್ಷ. ಏಳೂವರೆ ಇರಬಹುದು.
ಹುಡುಗನೋ ಹುಡುಗಿಯೋ ಹಲ್ಲು ಹೇಳುವುದಿಲ್ಲ.
ಎರಡೂ ಕೈ ಬೇಕಾಗಿತ್ತು ಯಾವುದಕ್ಕೋ:
ಮೈದಾನದ ಬೇಲಿ ಹತ್ತಲು, ತಮ್ಮನನ್ನು ಎತ್ತಿಕೊಳ್ಳಲು,
ಕಲ್ಲಿದ್ದಲ ಬಕೆಟ್ಟು ಹೊರಲು.
ಕ್ರೆಬಿಲ್‌ನನ್ನು ಬಾಯಲ್ಲಿ ಕಚ್ಚಿ ಹಿಡಿದು,
ಬೆಕ್ಕು ಮರಿಯನ್ನು ಹಿಡಿಯುವ ಹಾಗೆ,
ಬೀಳಿಸದೆ.

ಹಲ್ಲಿದ್ದಾಗ ಮಿಠಾಯಿ, ಹಲ್ಲುದುರಿದ ಮೇಲೆ ಕಾರ್ಡು
ಎಂದು ನಮ್ಮ ಕೂಟದಲ್ಲೊಂದು ತಮಾಷೆ.
ನನ್ನ ಇಪ್ಪತ್ತೊಂಬತ್ತೂ ಅಂಚು ಚೂಪು, ಮೈ ಶುಭ್ರ.
ಯಾರ ಬೆವರೂ ತಾಗದವು, ಯಾರ ಬಾಯಿಗೂ ಬೀಳದವು.
ಬೆಲೆಯೆಲ್ಲ ಅದಕ್ಕೇ.

ಕೈ ಬಿಡುತ್ತದೆಯೇ ಅಭ್ಯಾಸ? ಮೇಣ ಕಾಯಿಸಿದೆ.
ಖಾಲಿ ಜಾಗದ ಅಳತೆ ತೆಗೆದು, ಚಾಕುವಿನ ಮೊನೆಯಲ್ಲಿ
ಒಂದು ಹಲ್ಲು ಕೆತ್ತತೊಡಗಿ ಅರ್ಧಕ್ಕೇ ನಿಂತೆ.
ನನ್ನ ಬೆಂಚಿಗೆ ಬಂದ ಬಾಯಿಗಳೆಲ್ಲ ಕಳೆದುಕೊಂಡವು.
ಈ ಬಾಯಿಗೆ ನಾನು ಬೇಕಿರಲಿಲ್ಲ.
ಬರುತ್ತಿತ್ತು ಹಲ್ಲು, ತನ್ನಷ್ಟಕ್ಕೆ,
ಆ ಬೇಸಿಗೆಯಲ್ಲೇ.

ಮೇಣವನ್ನು ಮತ್ತೆ ಉಂಡೆ ಮಾಡಿ ಡಬ್ಬಿಗೆ ಹಾಕಿದೆ.

'ಯಾರದು?' ಅಂದಳು ಅರ್ಡೆಲ್ಲಾ, ನನ್ನ ಭುಜದ ಮೇಲಿಂದ ಬಗ್ಗಿ.
'ಶಾರ್ಟ್‌ಸ್ಟಾಪ್' ಅಂದೆ. 'ಐದನೆಯವ.'
ಅವಳು ಆಟಗಾರನನ್ನು ನೋಡಲಿಲ್ಲ. ಮೂಲೆಯನ್ನು ನೋಡಿದಳು.
ತುಟಿ ಮುಚ್ಚಿ, ಒಳಗೊಳಗೇ,
ನಾನು ಮಾಡಿಕೊಟ್ಟ ಮುಂದಿನ ಹಲ್ಲುಗಳ ಮೇಲೆ
ನಾಲಿಗೆ ಆಡಿಸುತ್ತಿದ್ದಳು.